ಕಡಲ ಜೀವಿಗಳ ಅಧ್ಯಯನಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕೂರಿಸುವುದು: ಖಾಲಿ ಕೋಣೆಯಿಂದ ಮೊದಲ ಚಿತ್ರದವರೆಗೆ

ಕಡಲ ಜೀವಶಾಸ್ತ್ರದ ಪ್ರಯೋಗಾಲಯಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತರಿಸುವಾಗ ಚರ್ಚೆಯೆಲ್ಲ ಯಂತ್ರದ ಸುತ್ತಲೇ ನಡೆಯುತ್ತದೆ: ರೆಸಲ್ಯೂಶನ್ ಎಷ್ಟು, ಡಿಟೆಕ್ಟರ್ ಎಷ್ಟು, ಸಾಫ್ಟ್‌ವೇರ್ ಯಾವುದು. ಯಂತ್ರ ಬಂದು ಕೂತ ಮೇಲೆ ಚಿತ್ರ ಹೇಗೆ ಬರುತ್ತದೆ ಎಂಬುದನ್ನು ತೀರ್ಮಾನಿಸುವುದು ಮಾತ್ರ ಕೋಣೆಯ ನೆಲ, ಗೋಡೆಯೊಳಗಿನ ವೈರು, ಗಾಳಿಯಲ್ಲಿರುವ ಉಪ್ಪು ಮತ್ತು ಪಕ್ಕದ ಕೋಣೆಯಲ್ಲಿ ಓಡುವ ಸಮುದ್ರನೀರಿನ ಪಂಪು. ಆರ್ಡರ್ ಕೊಡುವ ಮೊದಲು ಜಾಗ ಅಳೆಸಿ. ಅಳತೆ ಕೆಟ್ಟದಾಗಿ ಬಂದರೆ ಆಗ ಕೋಣೆ ಬದಲಿಸಬಹುದು. ಯಂತ್ರ ಇಳಿದ ಮೇಲೆ ಆ ದಾರಿ ಮುಚ್ಚಿಹೋಗುತ್ತದೆ.

ಯಾವ ಯಂತ್ರ

ಈ ಕ್ಷೇತ್ರದ ಬಹುಪಾಲು ಕೆಲಸ ಮೇಲ್ಮೈ ನೋಡುವುದು: ಡಯಾಟಮ್ ಎಂಬ ಏಕಕೋಶ ಪಾಚಿಯ ಸಿಲಿಕಾ ಚಿಪ್ಪಿನ ರಂಧ್ರಗಳು, ಕೊಕೊಲಿಥೊಫೋರ್ ಎಂಬ ಇನ್ನೊಂದು ಪಾಚಿಯ ಸುಣ್ಣದ ಬಿಲ್ಲೆಗಳು, ಕೋಪೆಪಾಡ್ ಎಂಬ ಸೀಗಡಿ ಜಾತಿಯ ಪುಟ್ಟ ಜೀವಿಯ ಬಾಯಿಯ ರೋಮಗಳು, ಸ್ಪಂಜಿನ ಸೂಜಿಗಳು, ಹವಳದ ಅಸ್ಥಿ. ಇದಕ್ಕೆ ಷಾಟ್ಕಿ ಫೀಲ್ಡ್ ಎಮಿಷನ್ ಗನ್ (ಬಿಸಿ ಮಾಡಿದ ಚೂಪು ಮೊನೆಯಿಂದ ಎಲೆಕ್ಟ್ರಾನ್ ಹೊಮ್ಮಿಸುವ ಭಾಗ) ಇರುವ ಎಸ್‌ಇಎಂ, ಅಂದರೆ ಕಿರಣವನ್ನು ಮೇಲ್ಮೈ ಮೇಲೆ ಸಾಲು ಸಾಲಾಗಿ ಓಡಿಸಿ ಚಿತ್ರ ಕಟ್ಟುವ ಸೂಕ್ಷ್ಮದರ್ಶಕ, ಸರಿಯಾದ ಆಯ್ಕೆ. ಟಂಗ್‌ಸ್ಟನ್ ತಂತಿಯ ಗನ್ ಅಗ್ಗವೇನೋ ಹೌದು, ಆದರೆ 1ರಿಂದ 3 ಕಿಲೋವೋಲ್ಟ್‌ನಲ್ಲಿ ಅದರ ಚಿತ್ರ ಮಸುಕು. ಸಿಲಿಕಾ, ಸುಣ್ಣ ಎರಡೂ ವಿದ್ಯುತ್ ಹರಿಸದ ವಸ್ತುಗಳಾದ್ದರಿಂದ ನಮ್ಮ ಕೆಲಸ ಹೆಚ್ಚಾಗಿ ನಡೆಯುವುದು ಆ ಕಡಿಮೆ ವೋಲ್ಟೇಜಿನಲ್ಲೇ.

ಖರೀದಿ ಪಟ್ಟಿಯಲ್ಲಿ ಮೂರು ಸಂಗತಿಗಳನ್ನು ಬಿಟ್ಟುಕೊಡಬೇಡಿ. ಮಾದರಿಯನ್ನು ಚೇಂಬರ್ (ಮಾದರಿ ಕೂರುವ ನಿರ್ವಾತದ ಪೆಟ್ಟಿಗೆ) ತೆರೆಯದೆ ಒಳಗೆ ಕಳಿಸುವ ಲೋಡ್‌ಲಾಕ್, ಕಡಿಮೆ ನಿರ್ವಾತದಲ್ಲಿ ಕೆಲಸ ಮಾಡುವ ಸೌಲಭ್ಯ, ಮತ್ತು ಮುಂದೆ ಹೆಪ್ಪುಗಟ್ಟಿಸಿದ ಮಾದರಿ ನೋಡುವ ಕ್ರಯೋ ಸ್ಟೇಜ್ ಸೇರಿಸಲು ಖಾಲಿ ಬಿಟ್ಟ ಪೋರ್ಟ್. ಸುಮಾರು 70 ನ್ಯಾನೊಮೀಟರ್ ದಪ್ಪದ ಅಂಗಾಂಶದ ಸೀಳುಗಳನ್ನು ಆಗೊಮ್ಮೆ ಈಗೊಮ್ಮೆ ನೋಡುವುದಾದರೆ 30 ಕಿಲೋವೋಲ್ಟ್‌ನ ಸ್ಟೆಮ್ ಡಿಟೆಕ್ಟರ್ (ಸೀಳನ್ನು ದಾಟಿ ಬಂದ ಎಲೆಕ್ಟ್ರಾನ್ ಹಿಡಿಯುವುದು) ಸಾಕು. ವೈರಸ್‌ಗಳ ಬಾಲದ ವಿವರವೇ ಮುಖ್ಯ ಕೆಲಸವಾಗಿದ್ದರೆ ಟಿಇಎಂ, ಅಂದರೆ ಕಿರಣವನ್ನು ತೆಳು ಮಾದರಿಯ ಮೂಲಕ ಹಾಯಿಸುವ ಸೂಕ್ಷ್ಮದರ್ಶಕ, ಬೇಕು. 200 ಕಿಲೋವೋಲ್ಟ್ ಟಿಇಎಂ ಎಂದರೆ ಕೆಲವು ಟನ್ ತೂಕ, 3 ಮೀಟರಿಗೂ ಎತ್ತರದ ಛಾವಣಿ, ಗನ್ ಸುತ್ತ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲ. ಕೆಳಗೆ ಕೊಟ್ಟ ಮಿತಿಗಳೆಲ್ಲ ಆಗ ಇನ್ನೂ ಬಿಗಿಯಾಗುತ್ತವೆ.

ಕಂಪನ: ಅಲೆಗಿಂತ ಪಂಪು ಕೆಟ್ಟದ್ದು

ಸಮುದ್ರದ ಪಕ್ಕದ ಕಟ್ಟಡ ಎಂದಾಕ್ಷಣ ಅಲೆಗಳ ಭಯ ಹುಟ್ಟುತ್ತದೆ. ಕಡಲಿನ ಅಲೆಗಳು ನೆಲದಲ್ಲಿ ಎಬ್ಬಿಸುವ ಕಂಪನ ಬಹಳ ನಿಧಾನದ್ದು, 0.1ರಿಂದ 0.3 ಹರ್ಟ್ಸ್ ಆಸುಪಾಸು. ಅಷ್ಟು ನಿಧಾನವಾಗಿ ನೆಲ ಅಲುಗಿದರೆ ಕಾಲಮ್ಮೂ (ಎಲೆಕ್ಟ್ರಾನ್ ಕಿರಣ ಇಳಿದು ಬರುವ ಕಂಬ) ಮಾದರಿಯೂ ಒಟ್ಟಿಗೇ ಅಲುಗುತ್ತವೆ. ಚಿತ್ರ ಕೆಡುವುದು ಇವೆರಡೂ ಬೇರೆ ಬೇರೆಯಾಗಿ ಅಲುಗಿದಾಗ ಮಾತ್ರ. ನಿಜವಾಗಿ ಕಾಡುವವು ಕಟ್ಟಡದೊಳಗೇ ಇರುತ್ತವೆ: ಸಮುದ್ರನೀರು ಎತ್ತುವ ಪಂಪು, ತೊಟ್ಟಿಗಳಿಗೆ ಗಾಳಿ ಊದುವ ಬ್ಲೋವರ್, ಶೀತಕೋಣೆಯ ಕಂಪ್ರೆಸರ್, ಮೈನಸ್ 80 ಡಿಗ್ರಿಯ ಫ್ರೀಜರ್‌ಗಳ ಸಾಲು. 50 ಹರ್ಟ್ಸ್ ಕರೆಂಟಿನಲ್ಲಿ ನಾಲ್ಕು ಧ್ರುವದ ಮೋಟಾರು ನಿಮಿಷಕ್ಕೆ ಸುಮಾರು 1450 ಸುತ್ತು ತಿರುಗುತ್ತದೆ, ಎಂದರೆ 24 ಹರ್ಟ್ಸ್. 60 ಹರ್ಟ್ಸ್ ಕರೆಂಟಿನಲ್ಲಿ ಅದು 29 ಹರ್ಟ್ಸ್. ಕಂಪನದ ನಕ್ಷೆಯಲ್ಲಿ ಇಲ್ಲಿ ಚೂಪಾದ ಮೊನೆ ಕಂಡರೆ ಯಾವುದೋ ಪಂಪು ಎಂದು ತಿಳಿಯಿರಿ. 5ರಿಂದ 15 ಹರ್ಟ್ಸ್ ನಡುವೆ ಅಗಲವಾದ ದಿಬ್ಬ ಕಂಡರೆ ಅದು ಮಹಡಿಯ ನೆಲ ತಾನೇ ತೂಗುವ ಲಕ್ಷಣ. ಮಹಡಿ ಬಿಟ್ಟು ನೆಲಮಟ್ಟಕ್ಕೆ ಇಳಿಯುವುದೊಂದೇ ಅದಕ್ಕೆ ಸಮಾಧಾನಕರ ಮದ್ದು.

ಅಳತೆಯನ್ನು ಮೂರೂ ದಿಕ್ಕಿನಲ್ಲಿ, ಕನಿಷ್ಠ 24 ಗಂಟೆ, ಕೆಲಸದ ದಿನವೇ ಮಾಡಿಸಿ. ಉಬ್ಬರದ ಹೊತ್ತಿಗೆ ಮಾತ್ರ ನೀರು ಎತ್ತುವ ವ್ಯವಸ್ಥೆ ಇದ್ದರೆ ಆ ಹೊತ್ತು ಅಳತೆಯೊಳಗೆ ಬರಲೇಬೇಕು. ಬಿಡುವಿನ ದಿನ ಒಂದು ಗಂಟೆ ಅಳೆದು ಬರೆದ ವರದಿಯನ್ನು ನಂಬಬೇಡಿ. ಯಂತ್ರ ತಯಾರಕರು ಕೊಡುವ ಮಿತಿಯ ಗೆರೆಯೇ ಅಂತಿಮ. ಅದು ಕೈಯಲ್ಲಿಲ್ಲದಾಗ, ವಿಸಿ ಎಂಬ ಕಂಪನದ ದರ್ಜೆಗಳಲ್ಲಿ, ಎಸ್‌ಇಎಂಗೆ ವಿಸಿ-ಡಿ, ಅಂದರೆ ಸೆಕೆಂಡಿಗೆ 6.25 ಮೈಕ್ರೊಮೀಟರ್, ಟಿಇಎಂಗೆ ವಿಸಿ-ಇ, ಅಂದರೆ ಸೆಕೆಂಡಿಗೆ 3.12 ಮೈಕ್ರೊಮೀಟರ್ ಎಂಬ ಗುರಿ ಇಟ್ಟುಕೊಳ್ಳಿ.

ಮಿತಿ ಮೀರಿದರೆ ಮೊದಲ ಕೆಲಸ ಮೂಲದಲ್ಲೇ ತಡೆಯುವುದು. ಪಂಪಿನ ಕಾಲಡಿ ಸ್ಪ್ರಿಂಗ್ ಹಾಕಿ, ಪೈಪಿಗೆ ರಬ್ಬರಿನ ಮೆದು ಜೋಡಣೆ ಕೊಡಿ, ಪೈಪನ್ನು ಸೂಕ್ಷ್ಮದರ್ಶಕದ ಕೋಣೆಯ ಗೋಡೆಗೆ ಬಿಗಿದಿದ್ದರೆ ಬಿಡಿಸಿ. ಪಂಪಿಗೆ ಸ್ಪ್ರಿಂಗ್ ಹಾಕಿ ಪೈಪನ್ನು ಹಾಗೇ ಬಿಟ್ಟರೆ ಪ್ರಯೋಜನವಿಲ್ಲ. ನೀರು ತುಂಬಿದ ಪೈಪು ಕಂಪನವನ್ನು ಗೋಡೆಯವರೆಗೂ ಹೊತ್ತು ತರುತ್ತದೆ. ಇದಾದ ಮೇಲೆ ಯಂತ್ರದ ಕಡೆ ಬನ್ನಿ. ಕಂಪನ ತಡೆಯಲು ಯಂತ್ರದಡಿ ಇಡುವ ಗಾಳಿಯ ದಿಂಬಿನ ಸಾಮಾನ್ಯ ಐಸೊಲೇಟರ್‌ಗಳಿಗೆ 2–3 ಹರ್ಟ್ಸ್‌ನಲ್ಲಿ ತಮ್ಮದೇ ಅನುರಣನ ಇರುತ್ತದೆ. ಆ ಆವರ್ತನದ ಕಂಪನವನ್ನು ಅವು ಇಳಿಸುವ ಬದಲು ಹೆಚ್ಚಿಸುತ್ತವೆ. ನೆಲದಲ್ಲಿ ತೊಂದರೆ ಅಲ್ಲೇ ಇದ್ದರೆ ಕಂಪನವನ್ನು ಅಳೆದು ಎದುರು ತಳ್ಳುವ ಆಕ್ಟಿವ್ ವೇದಿಕೆಯೇ ಬೇಕು. ಕಟ್ಟಡದಿಂದ ಬೇರ್ಪಡಿಸಿದ ಕಾಂಕ್ರೀಟ್ ಹಾಸು ಒಳ್ಳೆಯ ಉಪಾಯವೇ, ಆದರೆ ಮರಳು ನೆಲ, ಮೇಲಕ್ಕೇ ಇರುವ ಅಂತರ್ಜಲ, ಇವೆರಡೂ ಇರುವ ಕಡಲತೀರದಲ್ಲಿ ಅಂಥ ಹಾಸು ಮೊಸರಿನ ಮೇಲಿಟ್ಟ ಹಲಗೆಯಂತೆ ತೂಗಬಹುದು. ಮಣ್ಣಿನ ಪರೀಕ್ಷೆ ಮಾಡಿಸದೆ ಕಾಂಕ್ರೀಟ್ ಸುರಿಯಬೇಡಿ.

ಕಾಂತಕ್ಷೇತ್ರ

ಎಲೆಕ್ಟ್ರಾನ್ ಕಿರಣವನ್ನು ಬಾಗಿಸುವುದೇ ಕಾಂತಕ್ಷೇತ್ರದ ಸ್ವಭಾವ, ಅದು ಲೆನ್ಸಿನಿಂದ (ಇಲ್ಲಿ ಲೆನ್ಸ್ ಎಂದರೆ ಗಾಜಲ್ಲ, ಕಾಂತದ ಕಾಯಿಲ್) ಬಂದರೂ ಅಷ್ಟೇ, ಗೋಡೆಯ ವೈರಿನಿಂದ ಬಂದರೂ ಅಷ್ಟೇ. ಫೀಲ್ಡ್ ಎಮಿಷನ್ ಎಸ್‌ಇಎಂಗೆ ಕರೆಂಟಿನ ಆವರ್ತನದಲ್ಲಿ ಸಹಿಸಬಲ್ಲ ಮಿತಿ ಸಾಮಾನ್ಯವಾಗಿ 0.1ರಿಂದ 0.3 ಮೈಕ್ರೊಟೆಸ್ಲಾ. ಇದೆಷ್ಟು ಚಿಕ್ಕದು ಎಂದು ತಿಳಿಯಲು ಒಂದು ಲೆಕ್ಕ ಸಾಕು: ಒಂಟಿ ತಂತಿಯಲ್ಲಿ 1 ಆಂಪಿಯರ್ ಹರಿದರೆ 1 ಮೀಟರ್ ದೂರದಲ್ಲಿ 0.2 ಮೈಕ್ರೊಟೆಸ್ಲಾ ಕ್ಷೇತ್ರ ಹುಟ್ಟುತ್ತದೆ.

ಹೋಗುವ ತಂತಿ, ಬರುವ ತಂತಿ ಎರಡೂ ಒಂದೇ ಕೇಬಲಿನಲ್ಲಿ ಅಂಟಿಕೊಂಡಿದ್ದರೆ ಎರಡರ ಕ್ಷೇತ್ರವೂ ಪರಸ್ಪರ ಕಳೆದುಹೋಗುತ್ತದೆ. ತೊಂದರೆ ಬರುವುದು ನ್ಯೂಟ್ರಲ್ಲನ್ನು ಎರಡು ಕಡೆ ಅರ್ಥ್ ಮಾಡಿದಾಗ. ಆಗ ಬರಬೇಕಾದ ಕರೆಂಟಿನ ಒಂದು ಪಾಲು ಅರ್ಥ್ ತಂತಿ, ನೀರಿನ ಪೈಪು, ಕಟ್ಟಡದ ಕಬ್ಬಿಣ ಹಿಡಿದು ಸುತ್ತಿ ಬರುತ್ತದೆ. ಪತ್ತೆ ಮಾಡುವುದು ಸುಲಭ: ಕೋಣೆಗೆ ಬರುವ ಇಡೀ ಕೇಬಲಿಗೆ, ಫೇಸು ನ್ಯೂಟ್ರಲು ಎರಡೂ ಸೇರಿದಂತೆ, ಕ್ಲಾಂಪ್ ಮೀಟರ್ ಹಾಕಿ. ಸೊನ್ನೆ ತೋರಿಸಬೇಕು. ಕೆಲವು ನೂರು ಮಿಲಿಆಂಪಿಯರ್ ತೋರಿಸಿದರೂ ಎಲ್ಲೋ ಎರಡನೇ ಅರ್ಥಿಂಗ್ ಇದೆ. ಅರ್ಹ ಎಲೆಕ್ಟ್ರಿಷಿಯನ್ ಕೈಯಲ್ಲಿ ಅದನ್ನು ಹುಡುಕಿಸಿ ತೆಗೆಸುವುದು ಕಾಂತಕ್ಷೇತ್ರ ರದ್ದು ಮಾಡುವ ಕಾಯಿಲ್ ವ್ಯವಸ್ಥೆ ಕೊಳ್ಳುವುದಕ್ಕಿಂತ ಎಷ್ಟೋ ಅಗ್ಗ. ಕೆಲಸವೂ ಹೆಚ್ಚು ಗಟ್ಟಿ.

ನಿಧಾನವಾಗಿ ಬದಲಾಗುವ ಕ್ಷೇತ್ರವನ್ನೂ ಅಳೆಯಿರಿ. ಲಿಫ್ಟು, ವಾಹನ ನಿಲ್ಲುವ ಜಾಗ, ಎತ್ತುವ ಕ್ರೇನು, ಇವೆಲ್ಲ ಚಲಿಸುವ ಉಕ್ಕು. ಹತ್ತಿರ ಬಂದಾಗಲೆಲ್ಲ ಚಿತ್ರ ಒಂದು ಕಡೆಗೆ ಜಿಗಿಯುತ್ತದೆ. ಕಾಯಿಲ್ ವ್ಯವಸ್ಥೆ ಇಂಥ ಕಡೆ ಉಪಯೋಗಕ್ಕೆ ಬರುತ್ತದೆ. ಯುಪಿಎಸ್, ಟ್ರಾನ್ಸ್‌ಫಾರ್ಮರ್, ವಿತರಣಾ ಫಲಕಗಳನ್ನು ಕಾಲಮ್ಮಿನಿಂದ ಕನಿಷ್ಠ 5 ಮೀಟರ್ ದೂರ, ಬೇರೆ ಕೋಣೆಯಲ್ಲೇ ಇಡಿ.

ಉಪ್ಪು, ತೇವ, ತಾಪ

ತಯಾರಕರ ಕೈಪಿಡಿಯಲ್ಲಿ ಆರ್ದ್ರತೆ ಶೇಕಡಾ 60ಕ್ಕಿಂತ ಕಡಿಮೆ ಇರಲಿ ಎಂದಿರುತ್ತದೆ. ಒಳನಾಡಿಗೆ ಅದು ಸಾಕು, ಕಡಲತೀರಕ್ಕೆ ಸಾಲದು. ಅಡುಗೆ ಉಪ್ಪು, ಎಂದರೆ ಸೋಡಿಯಂ ಕ್ಲೋರೈಡ್, ಶೇಕಡಾ 75ರ ಆರ್ದ್ರತೆಯಲ್ಲಿ ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡೂ ಇದೆ, ಅದು ಶೇಕಡಾ 33ರಲ್ಲೇ ಕರಗುತ್ತದೆ. ಹಾಗಾಗಿ ಹೈ ವೋಲ್ಟೇಜ್ ಕನೆಕ್ಟರ್ ಮೇಲೆ, ಸರ್ಕ್ಯೂಟ್ ಬೋರ್ಡ್ ಮೇಲೆ ಕೂತ ಸಮುದ್ರದ ಉಪ್ಪಿನ ಧೂಳು ಒಣಗಿದಂತೆ ಕಾಣುವ ಕೋಣೆಯಲ್ಲೂ ಒಳಗೊಳಗೇ ಹಸಿಯಾಗಿ ತಾಮ್ರವನ್ನು ತಿನ್ನುತ್ತಿರುತ್ತದೆ. ಆರ್ದ್ರತೆಯನ್ನು ಶೇಕಡಾ 30ಕ್ಕೆ ಇಳಿಸೋಣ ಎಂದರೆ ಸ್ಥಿರ ವಿದ್ಯುತ್ ಕಾಟ. ಆದ್ದರಿಂದ 40ರಿಂದ 50ರಲ್ಲಿ ನಿಲ್ಲಿಸಿ, ಉಪ್ಪೇ ಒಳಗೆ ಬಾರದಂತೆ ಕಟ್ಟುನಿಟ್ಟು ಮಾಡಿ. ಹೊರಗಿನ ಗಾಳಿ ಎರಡು ಹಂತದ ಸೋಸುಕದಿಂದ ಬರಲಿ, ಎರಡನೆಯದು ಹೆಪಾ ದರ್ಜೆಯದಾಗಿರಲಿ. ಕೋಣೆಯ ಒತ್ತಡ ಪಕ್ಕದ ಓಣಿಗಿಂತ 10ರಿಂದ 15 ಪ್ಯಾಸ್ಕಲ್ ಹೆಚ್ಚಿರಲಿ. ಬಾಗಿಲು ಎರಡಿರಲಿ, ನಡುವೆ ಪುಟ್ಟ ಅಂಕಣ. ಜೀವಂತ ಮಾದರಿಯ ತೊಟ್ಟಿ, ಬಕೆಟ್ಟು, ಒದ್ದೆ ಬಲೆ, ಏನೂ ಈ ಕೋಣೆಯ ಹೊಸ್ತಿಲು ದಾಟಬಾರದು.

ತಾಪಮಾನ 20ರಿಂದ 22 ಡಿಗ್ರಿ ನಡುವೆ ಎಷ್ಟಿದ್ದರೂ ನಡೆದೀತು. ಅದು ಗಂಟೆಗೆ 0.5 ಡಿಗ್ರಿಗಿಂತ ಹೆಚ್ಚು ಬದಲಾಗಬಾರದು. ಉಕ್ಕು ಪ್ರತಿ ಡಿಗ್ರಿಗೆ ಮೀಟರಿಗೆ 12 ಮೈಕ್ರೊಮೀಟರ್ ಹಿಗ್ಗುತ್ತದೆ. 10 ಸೆಂಟಿಮೀಟರ್ ಉದ್ದದ ಸ್ಟೇಜ್ ಭಾಗ 1 ಡಿಗ್ರಿಗೆ 1200 ನ್ಯಾನೊಮೀಟರ್ ಉದ್ದವಾಗುತ್ತದೆ. ಒಂದು ಕೊಕೊಲಿತ್ ಬಿಲ್ಲೆಯ ಅಗಲ ಸುಮಾರು 3 ಮೈಕ್ರೊಮೀಟರ್ ಎಂದರೆ, ನೋಡುನೋಡುತ್ತಲೇ ಅದರ ಐದರಲ್ಲಿ ಎರಡು ಪಾಲು ಪರದೆಯಿಂದ ಜಾರಿಹೋದಂತೆ. ಕೋಣೆಗೆ ಬೇಕಾದ್ದಕ್ಕಿಂತ ದೊಡ್ಡ ಎಸಿ ಹಾಕಿಸುವುದು ಸಾಮಾನ್ಯ ತಪ್ಪು. ಅದು ಐದು ನಿಮಿಷ ಓಡಿ ಹತ್ತು ನಿಮಿಷ ನಿಲ್ಲುತ್ತದೆ, ತಾಪ ಏರಿಳಿಯುತ್ತದೆ, ತೇವವನ್ನೂ ಸರಿಯಾಗಿ ಎಳೆಯುವುದಿಲ್ಲ. ನಿಲ್ಲದೆ ಓಡುವ, ತಂಪಾದ ಗಾಳಿಯನ್ನು ಮತ್ತೆ ಸ್ವಲ್ಪ ಬಿಸಿ ಮಾಡಿ ಬಿಡುವ ವ್ಯವಸ್ಥೆ ಕೇಳಿ. ಗಾಳಿ ಬಟ್ಟೆಯ ಕೊಳವೆಯಿಂದ ಇಳಿಯಲಿ. ಕಾಲಮ್ ಬಳಿ ವೇಗ ಸೆಕೆಂಡಿಗೆ 0.1 ಮೀಟರ್ ಮೀರಬಾರದು. ಸದ್ದು 55 ಡೆಸಿಬಲ್ ಒಳಗಿರಲಿ.

ಕರೆಂಟು, ನೀರು, ಗ್ಯಾಸು

ಆನ್‌ಲೈನ್ ಡಬಲ್ ಕನ್ವರ್ಷನ್ ಯುಪಿಎಸ್ ಬೇಕು. ಎಸ್‌ಇಎಂ ಮತ್ತು ಅದಕ್ಕೆ ತಂಪು ನೀರು ಕಳಿಸುವ ಚಿಲ್ಲರ್ ಎರಡಕ್ಕೂ ಸೇರಿ 10 ಕೆವಿಎ ಎಂದು ಲೆಕ್ಕ ಹಿಡಿದು, ತಯಾರಕರ ಪಟ್ಟಿಯೊಂದಿಗೆ ತಾಳೆ ನೋಡಿ. ಗನ್ನಿನ ನಿರ್ವಾತ ಕಾಯುವ ಅಯಾನ್ ಪಂಪಿಗೆ ಒಂದು ಕ್ಷಣವೂ ಕರೆಂಟು ತಪ್ಪಬಾರದು. ಅದಕ್ಕೆ ಪ್ರತ್ಯೇಕ ಬ್ಯಾಟರಿ ಇದ್ದರೆ ಒಳ್ಳೆಯದು. ಕರೆಂಟು ಹೋದಾಗ ಗನ್ನನ್ನು ಕಾಯುವ ಕವಾಟಗಳು ಹಲವು ಯಂತ್ರಗಳಲ್ಲಿ ಸಂಕುಚಿತ ಗಾಳಿಯಿಂದ ಕೆಲಸ ಮಾಡುತ್ತವೆ. ಏರ್ ಕಂಪ್ರೆಸರ್ ಯುಪಿಎಸ್ ಮೇಲಿಲ್ಲದಿದ್ದರೆ ಕನಿಷ್ಠ ಒಂದು ಶೇಖರಣಾ ಟ್ಯಾಂಕ್, ಒಂದು ನಾನ್-ರಿಟರ್ನ್ ಕವಾಟ ಇಡಿಸಿ. ಗಾಳಿ ಎಣ್ಣೆಯಿಲ್ಲದ್ದು, ಒಣಗಿದ್ದು, 0.5ರಿಂದ 0.6 ಮೆಗಾಪ್ಯಾಸ್ಕಲ್ ಒತ್ತಡದ್ದಾಗಿರಲಿ.

ಚಿಲ್ಲರ್ ವಿಷಯದಲ್ಲಿ ಕಡಲತೀರದವರು ಎರಡು ಪಟ್ಟು ಎಚ್ಚರ ವಹಿಸಬೇಕು. ಲೆನ್ಸಿನ ಕಾಯಿಲ್‌ಗಳಿಗೆ ಹೋಗುವ ನೀರು 18ರಿಂದ 20 ಡಿಗ್ರಿ ಇರುತ್ತದೆ. ಕೋಣೆ 22 ಡಿಗ್ರಿ, ಆರ್ದ್ರತೆ ಶೇಕಡಾ 50 ಇರುವಾಗ ಇಬ್ಬನಿ ಕಟ್ಟುವ ಬಿಂದು ಸುಮಾರು 11 ಡಿಗ್ರಿ, ಏನೂ ಅಪಾಯವಿಲ್ಲ. ರಾತ್ರಿ ಎಸಿ ಕೆಟ್ಟು ಕೋಣೆ 30 ಡಿಗ್ರಿಗೆ, ಆರ್ದ್ರತೆ ಶೇಕಡಾ 80ಕ್ಕೆ ಏರಿದರೆ ಆ ಬಿಂದು 26 ಡಿಗ್ರಿ. ಚಿಲ್ಲರ್ ಮಾತ್ರ ನಿಷ್ಠೆಯಿಂದ 18 ಡಿಗ್ರಿಯ ನೀರು ಕಳಿಸುತ್ತಲೇ ಇರುತ್ತದೆ, ಕಾಲಮ್ಮಿನ ಒಳಗಿನ ವೈರುಗಳ ಮೇಲೆ ಹನಿ ಹನಿಯಾಗಿ ನೀರು ಕಟ್ಟುತ್ತದೆ. ಎಸಿ ನಿಂತರೆ ಎಚ್ಚರಿಕೆ ಬರಬೇಕು, ಆರ್ದ್ರತೆ ಶೇಕಡಾ 65 ದಾಟಿದರೆ ಲೆನ್ಸ್ ಕರೆಂಟೂ ಚಿಲ್ಲರೂ ಕ್ರಮವಾಗಿ ನಿಲ್ಲಬೇಕು. ಈ ಇಂಟರ್‌ಲಾಕ್ ಯಂತ್ರದ ಜೊತೆ ಬಾರದಿದ್ದರೆ ತಯಾರಕರೊಡನೆ ಮಾತಾಡಿ ಹಾಕಿಸಿಕೊಳ್ಳಿ.

ಚಿಲ್ಲರಿನ ನೀರು ಬಟ್ಟಿ ಇಳಿಸಿದ್ದು, ತಯಾರಕರು ಹೇಳಿದ ತುಕ್ಕುರೋಧಕ ಬೆರೆಸಿದ್ದು. ಅತಿ ಶುದ್ಧ ಡೀಅಯೊನೈಸ್ಡ್ ನೀರನ್ನು ಹಾಗೇ ತುಂಬಬೇಡಿ, ಅದು ತಾಮ್ರವನ್ನು ಕರಗಿಸುತ್ತದೆ. ಪಾರದರ್ಶಕ ಕೊಳವೆಯಲ್ಲಿ ಪಾಚಿ ಬೆಳೆಯುತ್ತದೆ, ಕಪ್ಪು ಕೊಳವೆ ಹಾಕಿ. ಚಿಲ್ಲರ್ ಕೋಣೆಯ ಹೊರಗಿರಬೇಕು, ಹಾಗೆಂದು ಕಡಲ ಕಡೆಯ ಗೋಡೆಗೆ ಇಟ್ಟರೆ ಉಪ್ಪುಗಾಳಿ ಅದರ ಅಲ್ಯೂಮಿನಿಯಂ ರೆಕ್ಕೆಗಳನ್ನು ಬಲುಬೇಗ ತಿಂದುಹಾಕುತ್ತದೆ. ಲೇಪನವಿರುವ ಕಂಡೆನ್ಸರ್ ಕೇಳಿ, ಗಾಳಿಗೆ ಮರೆಯಾದ ಕಡೆ ಇಡಿ.

ಚೇಂಬರ್ ತೆರೆಯಲು ಒಣ ನೈಟ್ರೋಜನ್, 0.02ರಿಂದ 0.05 ಮೆಗಾಪ್ಯಾಸ್ಕಲ್ ಒತ್ತಡ ಸಾಕು. ಹೆಚ್ಚಿಟ್ಟರೆ ಡಿಟೆಕ್ಟರಿನ ತೆಳು ಕಿಟಕಿಗೆ ಪೆಟ್ಟು. ಮುಖ್ಯ ನಿರ್ವಾತ ಪಂಪಿನ ಹಿಂದೆ ನಿಂತು ನೆರವಾಗಲು ಎಣ್ಣೆಯ ರೋಟರಿ ಪಂಪಿಗಿಂತ ಎಣ್ಣೆಯಿಲ್ಲದ ಸ್ಕ್ರೋಲ್ ಪಂಪು ಮೇಲು. ಜೈವಿಕ ಮಾದರಿಯ ಮೇಲೆ ಕಿರಣ ಬಿದ್ದ ಕಡೆ ಕಪ್ಪು ಚೌಕ ಮೂಡುವುದಕ್ಕೆ ಎಣ್ಣೆಯ ಆವಿಯೂ ಒಂದು ಕಾರಣ. ಕ್ರಯೋ ಬಳಸುವುದಾದರೆ ದ್ರವ ನೈಟ್ರೋಜನ್ 1 ಲೀಟರ್ ಸುಮಾರು 700 ಲೀಟರ್ ಅನಿಲವಾಗುತ್ತದೆ ಎಂಬುದು ನೆನಪಿರಲಿ. ಇಂಥ ಬಿಗಿ ಕೋಣೆಯಲ್ಲಿ ಆಮ್ಲಜನಕದ ಸೆನ್ಸರ್ ಕಡ್ಡಾಯ, ಶೇಕಡಾ 19.5ಕ್ಕೆ ಇಳಿದಾಗ ಕೂಗುವಂತೆ ಹೊಂದಿಸಿ.

ಪೆಟ್ಟಿಗೆ ಬಂದ ಮೇಲೆ

ಸಹಿ ಹಾಕುವ ಮುನ್ನ ಪ್ರತಿ ಪೆಟ್ಟಿಗೆಯ ಆಘಾತ ಮತ್ತು ವಾಲುವಿಕೆಯ ಸೂಚಕಗಳ ಫೋಟೊ ತೆಗೆಯಿರಿ. ಕೆಂಪಾಗಿದ್ದರೆ ಸಾಗಣೆ ಚೀಟಿಯ ಮೇಲೇ ಬರೆಯಿರಿ. ಪೆಟ್ಟಿಗೆಗಳನ್ನು ಎಸಿ ಕೋಣೆಯಲ್ಲಿ ಮುಚ್ಚಿದಂತೆಯೇ 24 ಗಂಟೆ ಬಿಡಿ, ಆಮೇಲೆ ಬಿಚ್ಚಿ. ತಂಪಾದ ಲೋಹವನ್ನು ತೇವದ ಗಾಳಿಗೆ ತೆರೆದರೆ ಬೆವರುತ್ತದೆ. ಕಾಲಮ್ ಮತ್ತು ಚೇಂಬರ್ ಸೇರಿ 600ರಿಂದ 1000 ಕಿಲೋ ತೂಕ ನಾಲ್ಕು ಚಿಕ್ಕ ಗಾಲಿಗಳ ಮೇಲೆ ಬರುವುದರಿಂದ ದಾರಿಯುದ್ದಕ್ಕೂ ಉಕ್ಕಿನ ತಗಡು ಹಾಸಿ. ಬಾಗಿಲಿನ ಅಗಲ, ತಿರುವು, ಲಿಫ್ಟಿನ ಭಾರಮಿತಿ ಇವನ್ನೆಲ್ಲ ಮೊದಲೇ ಅಳೆದಿಟ್ಟಿರಬೇಕು.

ಜೋಡಣೆ ಕಂಪನಿಯ ಎಂಜಿನಿಯರ್ ಕೆಲಸ, ನೀವು ಪಕ್ಕದಲ್ಲಿ ನಿಂತು ಬರೆದುಕೊಳ್ಳಿ. ಸಾಗಣೆಗೆಂದು ಹಾಕಿದ ಲಾಕ್‌ಗಳನ್ನು ಎಣಿಸಿ ತೆಗೆಸಿ, ಒಂದು ಡಬ್ಬಿಯಲ್ಲಿ ಹಾಕಿ ಹೆಸರು ಬರೆದಿಡಿ. ಒಂದು ಒಳಗೇ ಉಳಿದರೆ ಗಾಳಿಯ ದಿಂಬು ಕೆಲಸ ಮಾಡುವುದಿಲ್ಲ, ಕಂಪನ ನೇರ ಕಾಲಮ್ಮಿಗೆ ಹೋಗುತ್ತದೆ. ನಿರ್ವಾತದ ಕಡೆಯ ಯಾವ ಮೇಲ್ಮೈಯನ್ನೂ ಬರಿಗೈಯಲ್ಲಿ ಮುಟ್ಟುವಂತಿಲ್ಲ. ಪೌಡರ್ ಇಲ್ಲದ ನೈಟ್ರೈಲ್ ಗ್ಲೌಸ್ ಬೇಕು. ಉಪ್ಪುಗಾಳಿಯಲ್ಲಿ ಬೆವರಿದ ಬೆರಳಿನ ಒಂದು ಗುರುತು ದಿನಗಟ್ಟಲೆ ಅನಿಲ ಬಿಡುತ್ತದೆ.

ಪಂಪು ಶುರುವಾದ ಮೇಲೆ ಚೇಂಬರ್ ಕೆಲವು ನಿಮಿಷಗಳಲ್ಲಿ 10⁻³ ಪ್ಯಾಸ್ಕಲ್ ಆಸುಪಾಸಿಗೆ ಇಳಿಯಬೇಕು. ಇಳಿಯದಿದ್ದರೆ ಕಾರಣ ಎರಡೇ: ಸೋರಿಕೆ ಅಥವಾ ತೇವ. ಅನಿಲ ವಿಶ್ಲೇಷಕ ಇದ್ದರೆ ಬೇಗ ತಿಳಿಯುತ್ತದೆ. ಅಣುತೂಕ 28 (ನೈಟ್ರೋಜನ್) ಮತ್ತು 32ರ (ಆಮ್ಲಜನಕ) ಮೊನೆಗಳು ಹೆಚ್ಚುಕಡಿಮೆ ನಾಲ್ಕಕ್ಕೆ ಒಂದರಂತೆ ಕಂಡರೆ ಹೊರಗಿನ ಗಾಳಿ ಸೋರುತ್ತಿದೆ. 18 ಒಂದೇ ಎತ್ತರವಿದ್ದರೆ ನೀರಿನ ತೇವ, ಪಂಪು ಓಡಿಸಿ ಕಾಯಿರಿ. ಗನ್ನಿಗೆ 10⁻⁷ ಪ್ಯಾಸ್ಕಲ್ ಮಟ್ಟ ಬೇಕು, ಅದಕ್ಕೆ ಬಿಸಿ ಮಾಡಿ ಅನಿಲ ಹೊರಹಾಕುವ ಬೇಕ್‌ಔಟ್ ಒಂದೆರಡು ದಿನ ನಡೆಯುತ್ತದೆ. ಷಾಟ್ಕಿ ಮೊನೆಯನ್ನು 1800 ಕೆಲ್ವಿನ್‌ಗೆ ಏರಿಸುವಾಗ ಗಂಟೆಗಳ ಕಾಲ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಇಲ್ಲಿ ಆತುರ ಮಾಡಿದರೆ ಮೊನೆಯ ಮೇಲಿನ ಜಿರ್ಕೋನಿಯಂ ಆಕ್ಸೈಡ್ ಹೊದಿಕೆ ಹಾಳಾಗುತ್ತದೆ. ಏರಿಸಿದ ಮೇಲೂ ಕಿರಣದ ಕರೆಂಟು ಸ್ಥಿರವಾಗಲು ಒಂದೆರಡು ದಿನ ಬೇಕು. ಅಷ್ಟರಲ್ಲಿ ಕಾಲಮ್ ಸುತ್ತ ಎಕ್ಸ್‌ರೇ ಸೋರಿಕೆ ಅಳೆಸಿ, ಗರಿಷ್ಠ ವೋಲ್ಟೇಜಿನಲ್ಲಿ, ಪ್ರತಿ ಕಿಟಕಿ, ಪ್ರತಿ ಪೋರ್ಟ್ ಬಳಿ.

ಚಿತ್ರ ನಡುಗಿದರೆ

ನೇರವಾಗಿರಬೇಕಾದ ಅಂಚು ಗರಗಸದ ಹಲ್ಲಿನಂತೆ ಕಂಡರೆ ಎಲ್ಲರೂ ಮೊದಲು ದೂರುವುದು ನೆಲವನ್ನು. ಹಾಗೆ ಊಹಿಸುವ ಅಗತ್ಯವಿಲ್ಲ, ಎರಡು ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಹಿಗ್ಗುವಿಕೆಯನ್ನು, ಅಂದರೆ ಚಿತ್ರವನ್ನು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುವುದು ಎಂಬುದನ್ನು, 10 ಸಾವಿರದಿಂದ 50 ಸಾವಿರಕ್ಕೆ ಏರಿಸಿ. ಹಲ್ಲಿನ ಗಾತ್ರ ಪರದೆಯ ಮೇಲೆ ಪಿಕ್ಸೆಲ್ ಲೆಕ್ಕದಲ್ಲಿ ಅಷ್ಟೇ ಉಳಿದರೆ ತೊಂದರೆ ಸ್ಕ್ಯಾನ್ ಎಲೆಕ್ಟ್ರಾನಿಕ್ಸ್‌ನಲ್ಲಿ ಅಥವಾ ಅರ್ಥಿಂಗ್ ಸುತ್ತಿನಲ್ಲಿ ಇದೆ. ಹಿಗ್ಗುವಿಕೆಯ ಜೊತೆ ಹಲ್ಲೂ ದೊಡ್ಡದಾದರೆ ಕಿರಣವೋ ಮಾದರಿಯೋ ನಿಜವಾಗಿಯೇ ಅಲುಗುತ್ತಿದೆ. ಆಗ ಹಿಗ್ಗುವಿಕೆ ಬದಲಿಸದೆ ವೋಲ್ಟೇಜನ್ನು 15ರಿಂದ 2 ಕಿಲೋವೋಲ್ಟ್‌ಗೆ ಇಳಿಸಿ, ಮಾದರಿಯನ್ನು ಲೆನ್ಸಿನಿಂದ ದೂರ ಸರಿಸಿ. ಹಲ್ಲು ಇನ್ನೂ ಉದ್ದವಾದರೆ ಕಾಂತಕ್ಷೇತ್ರ, ಏಕೆಂದರೆ ನಿಧಾನದ ಎಲೆಕ್ಟ್ರಾನು ಹೆಚ್ಚು ಬಾಗುತ್ತದೆ, ದೂರ ಹೆಚ್ಚಿದಷ್ಟೂ ಬಾಗಲು ಅವಕಾಶ ಹೆಚ್ಚು. ಏನೂ ಬದಲಾಗದಿದ್ದರೆ ಅದು ಕಂಪನ.

ಕಂಪನ ಎಂದು ಖಚಿತವಾದರೆ ಕಟ್ಟಡದ ಯಂತ್ರಗಳನ್ನು ಒಂದೊಂದಾಗಿ ನಿಲ್ಲಿಸಿ ಅದೇ ಅಂಚಿನ ಚಿತ್ರ ತೆಗೆಯಿರಿ. ತೊಟ್ಟಿಗಳ ಬ್ಲೋವರನ್ನು ಹತ್ತು ನಿಮಿಷ ನಿಲ್ಲಿಸಲು ತೊಟ್ಟಿ ನೋಡಿಕೊಳ್ಳುವವರನ್ನು ಮೊದಲೇ ಒಪ್ಪಿಸಿರಿ. ಒಳಗೆ ಜೀವಂತ ಪ್ರಾಣಿಗಳಿವೆ.

ಒಪ್ಪಿಗೆ ಪರೀಕ್ಷೆ ನಿಮ್ಮ ಮಾದರಿಯಲ್ಲಿ

ಎಂಜಿನಿಯರ್ ಕಾರ್ಬನ್ ಮೇಲಿನ ಚಿನ್ನದ ಕಣಗಳಲ್ಲಿ ರೆಸಲ್ಯೂಶನ್ ತೋರಿಸುತ್ತಾರೆ. ಅದು ಒಪ್ಪಂದದ ಪರೀಕ್ಷೆ, ಆಗಲೇಬೇಕು. ಅದರ ಜೊತೆ ನಿಮ್ಮದೇ ಮೂರು ಮಾದರಿ ಸಿದ್ಧವಿಟ್ಟುಕೊಂಡು ಅವರು ಹೋಗುವ ಮುನ್ನ ನೋಡಿ: ಶುದ್ಧಗೊಳಿಸಿದ ಡಯಾಟಮ್, ಕೊಕೊಲಿಥೊಫೋರ್, ಮತ್ತು ಒಂದು ಮೃದು ದೇಹದ ಲಾರ್ವ.

ಇವುಗಳ ತಯಾರಿಯಲ್ಲಿ ಉಪ್ಪೇ ಮುಖ್ಯ ಶತ್ರು. ಲಾರ್ವವನ್ನು 2.5 ಶೇಕಡಾ ಗ್ಲೂಟರಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸುವಾಗ 0.1 ಮೋಲಾರ್ ಕ್ಯಾಕೊಡಿಲೇಟ್ ಬಫರ್‌ಗೆ ಸುಕ್ರೋಸ್ ಸೇರಿಸಿ ಒಟ್ಟು ಸಾಂದ್ರತೆಯನ್ನು ಸಮುದ್ರನೀರಿನ ಮಟ್ಟಕ್ಕೆ, ಸುಮಾರು 1000 ಮಿಲಿಆಸ್ಮೋಲ್‌ಗೆ ತನ್ನಿ. ಇಲ್ಲದಿದ್ದರೆ ಕೋಶಗಳು ಊದಿ ಒಡೆಯುತ್ತವೆ. ಫಾಸ್ಫೇಟ್ ಬಫರ್ ಸಮುದ್ರನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಪುಟ್ಟ ಹರಳಾಗಿ ಕೂರುತ್ತದೆ, ಬ್ಯಾಕ್ಟೀರಿಯಾ ಎಂದು ಎಣಿಸಿ ಮೋಸಹೋಗುವುದು ಇದರಿಂದಲೇ. ಕ್ಯಾಕೊಡಿಲೇಟ್‌ನಲ್ಲಿ ಆರ್ಸೆನಿಕ್ ಇದೆ. ಈ ಕೆಲಸವೆಲ್ಲ ಪಕ್ಕದ ತಯಾರಿ ಕೋಣೆಯ ಫ್ಯೂಮ್ ಹುಡ್‌ನಲ್ಲಿ ನಡೆಯಲಿ. ಆಮೇಲೆ 30, 50, 70, 90, 100 ಶೇಕಡಾ ಎಥನಾಲ್, ಕೊನೆಯದು ಮೂರು ಸಲ. ನಂತರ ಇಂಗಾಲದ ಡೈಆಕ್ಸೈಡ್‌ನಲ್ಲಿ ಕ್ರಿಟಿಕಲ್ ಪಾಯಿಂಟ್ ಒಣಗಿಸುವಿಕೆ (ದ್ರವ-ಅನಿಲದ ಗಡಿಯೇ ಇಲ್ಲದಂತೆ ಮಾಡಿ ಮಾದರಿ ಮುದುಡದಂತೆ ಒಣಗಿಸುವುದು): 31.1 ಡಿಗ್ರಿ, 73.8 ಬಾರ್ ಎರಡನ್ನೂ ದಾಟಿ, ಒತ್ತಡವನ್ನು ನಿಧಾನವಾಗಿ ಇಳಿಸಬೇಕು.

ಪ್ಲವಕಗಳನ್ನು ಪಾಲಿಕಾರ್ಬನೇಟ್ ಫಿಲ್ಟರ್ ಮೇಲೆ ಸೋಸುವಾಗ 0.5 ಮೋಲಾರ್ ಅಮೋನಿಯಂ ಫಾರ್ಮೇಟ್‌ನಲ್ಲಿ ತೊಳೆಯಿರಿ. ಅದರ ಸಾಂದ್ರತೆ ಸಮುದ್ರನೀರಿಗೆ ಹತ್ತಿರ, ಒಣಗಿದಾಗ ಆವಿಯಾಗಿ ಹೋಗುತ್ತದೆ, ಹರಳು ಉಳಿಯುವುದಿಲ್ಲ. ಕೊಕೊಲಿಥೊಫೋರ್‌ಗೆ ಮಾತ್ರ ಬೇರೆ ಎಚ್ಚರ ಬೇಕು. ಗಾಳಿಗೆ ತೆರೆದಿಟ್ಟ ಬಟ್ಟಿ ನೀರು ಇಂಗಾಲದ ಡೈಆಕ್ಸೈಡ್ ಹೀರಿ ಪಿಎಚ್ 5.6ರ ಹತ್ತಿರ ಇಳಿಯುತ್ತದೆ, ಸುಣ್ಣದ ಬಿಲ್ಲೆಯ ಅಂಚನ್ನು ಕರಗಿಸುತ್ತದೆ. ತೊಳೆಯುವ ದ್ರವಕ್ಕೆ ತುಸು ಅಮೋನಿಯ ಹಾಕಿ ಪಿಎಚ್ 8.5 ಸುಮಾರಿಗೆ ತನ್ನಿ. ಪರದೆಯ ಮೇಲೆ ಚೌಕಾಕಾರದ ನುಣುಪು ಹರಳು ಕಂಡರೆ ಅದು ಉಪ್ಪು, ತೊಳೆದದ್ದು ಸಾಲದು. ಕ್ರಯೋದಲ್ಲಿ ಹೆಪ್ಪುಗಟ್ಟಿದ ಸಮುದ್ರನೀರಿನ ಮಂಜನ್ನು ಆವಿಯಾಗಿಸಿದಾಗ ಜೇನುಗೂಡಿನಂಥ ಗೋಡೆಗಳು ಕಾಣುತ್ತವೆ. ಅವೂ ಉಪ್ಪೇ, ಅಂಗಾಂಶವಲ್ಲ.

ಮಾದರಿಯಲ್ಲಿ ಯಾವ ಮೂಲವಸ್ತು ಇದೆ ಎಂದು ತಿಳಿಸುವ ಎಕ್ಸ್‌ರೇ ಡಿಟೆಕ್ಟರನ್ನು ಪರೀಕ್ಷಿಸಲು ಕಡಲೇ ಒಂದು ಚಂದದ ಜೋಡಿ ಕೊಟ್ಟಿದೆ. ರೇಡಿಯೊಲೇರಿಯಾ, ಅಕಾಂಥೇರಿಯಾ ಎರಡೂ ಏಕಕೋಶದ ಕಡಲಜೀವಿಗಳು: ಮೊದಲನೆಯದರ ಅಸ್ಥಿ ಸಿಲಿಕಾ, ಎರಡನೆಯದ್ದು ಸ್ಟ್ರಾನ್ಷಿಯಂ ಸಲ್ಫೇಟ್. ನೋಡಲು ಎರಡೂ ಮುಳ್ಳುಮುಳ್ಳು. ಸಿಲಿಕಾನ್‌ನ ಮೊನೆ 1.74 ಕಿಲೋ ಎಲೆಕ್ಟ್ರಾನ್‌ವೋಲ್ಟ್, ಸ್ಟ್ರಾನ್ಷಿಯಂನ ಎಲ್ ಮೊನೆ 1.81. ಡಿಟೆಕ್ಟರಿನ ರೆಸಲ್ಯೂಶನ್ ಸುಮಾರು 0.13 ಇರುವಾಗ ಎರಡೂ ಒಂದರೊಳಗೊಂದು ಬೆರೆಯುತ್ತವೆ, ಸಾಫ್ಟ್‌ವೇರ್ ತಾನಾಗಿಯೇ ಹೆಸರಿಟ್ಟರೆ ಅಕಾಂಥೇರಿಯಾವನ್ನೂ ಸಿಲಿಕಾ ಎಂದುಬಿಡಬಹುದು. ವೋಲ್ಟೇಜನ್ನು 20 ಕಿಲೋವೋಲ್ಟ್‌ಗಿಂತ ಮೇಲೇರಿಸಿ 14.1ರಲ್ಲಿ ಸ್ಟ್ರಾನ್ಷಿಯಂನ ಕೆ ಮೊನೆ ಹುಡುಕಿ, 2.31ರಲ್ಲಿ ಗಂಧಕ ಇದೆಯೇ ನೋಡಿ. ಈ ಪರೀಕ್ಷೆಗೆ ಕಾರ್ಬನ್ ಲೇಪನವೇ ಬೇಕು, ಚಿನ್ನದ ಮೊನೆ 2.12ರಲ್ಲಿ ಕೂತು ಗಂಧಕವನ್ನು ಮರೆಮಾಡುತ್ತದೆ. ಹವಳದ ಅಸ್ಥಿಯಲ್ಲೂ ಸ್ಟ್ರಾನ್ಷಿಯಂ ಇರುವುದರಿಂದ ಅಲ್ಲಿ ಕಂಡ ಸಣ್ಣ ‘ಸಿಲಿಕಾನ್’ ಮೊನೆಯನ್ನೂ ಇದೇ ಅನುಮಾನದಿಂದ ನೋಡಿ. ಬರೀ ಚಿತ್ರಕ್ಕಾದರೆ 3ರಿಂದ 5 ನ್ಯಾನೊಮೀಟರ್ ಪ್ಲಾಟಿನಂ ಅಥವಾ ಇರಿಡಿಯಂ ಲೇಪಿಸಿ, ಏಕೆಂದರೆ ಹೆಚ್ಚಿನ ಹಿಗ್ಗುವಿಕೆಯಲ್ಲಿ ಚಿನ್ನದ ಕಣಗಳೇ ಕಾಣಿಸಿಕೊಳ್ಳುತ್ತವೆ.

ಡಯಾಟಮ್ ಪುಡಿ ಅಂಟಿಸಿದ ಪ್ರತಿ ಸ್ಟಬ್ಬನ್ನೂ (ಮಾದರಿ ಕೂರಿಸುವ ಪುಟ್ಟ ಲೋಹದ ಪೀಠ) ಲೋಡ್‌ಲಾಕ್‌ಗೆ ಹಾಕುವ ಮುನ್ನ ತಲೆಕೆಳಗು ಹಿಡಿದು ಎರಡು ಸಲ ತಟ್ಟಿ, ಒಣ ನೈಟ್ರೋಜನ್ ಊದಿ. ಸಡಿಲವಾದ ಚಿಪ್ಪು ಕಿರಣದಡಿ ಚಾರ್ಜಾಗಿ ಹಾರಿ ಲೆನ್ಸಿನ ತುದಿಗೆ ಅಂಟಿದರೆ, ಆಮೇಲೆ ಎಷ್ಟೇ ಹೊಂದಿಸಿದರೂ ಅಸ್ಟಿಗ್ಮಾಟಿಸಂ (ಚಿತ್ರ ಒಂದು ದಿಕ್ಕಿಗೆ ಎಳೆದಂತೆ ಮಸುಕಾಗುವ ದೋಷ) ಹೋಗುವುದಿಲ್ಲ.

ಎಂಜಿನಿಯರ್ ಹೊರಡುವ ದಿನವೇ ಖಾಲಿ ಚೇಂಬರ್ ನಿಗದಿತ ನಿರ್ವಾತ ತಲುಪಲು ಹಿಡಿದ ನಿಮಿಷ, ಗನ್ನಿನ ಒತ್ತಡ, ಹತ್ತು ನಿಮಿಷದಲ್ಲಿ ಚಿತ್ರ ಜಾರಿದ ನ್ಯಾನೊಮೀಟರ್, ಚಿಲ್ಲರಿನ ಹರಿವು, ಇಷ್ಟನ್ನು ದಾಖಲೆ ಪುಸ್ತಕದ ಮೊದಲ ಪುಟದಲ್ಲಿ ಬರೆಯಿರಿ. ಪ್ರತಿ ಸೋಮವಾರ ಅದೇ ನಾಲ್ಕು ಅಳತೆ ಮತ್ತೆ ತೆಗೆಯಿರಿ. ಖಾಲಿ ಚೇಂಬರಿನ ಸಮಯ ಒಂದೂವರೆ ಪಟ್ಟಾದ ವಾರ ಹಿಂದಿನ ಮಾದರಿಗಳ ಪಟ್ಟಿ ತೆಗೆದು ನೋಡಿ. ಸರಿಯಾಗಿ ತೊಳೆಯದ, ಉಪ್ಪು ಹಿಡಿದಿಟ್ಟ ತೇವದ ಫಿಲ್ಟರ್ ಆ ವಾರದ ಪಟ್ಟಿಯಲ್ಲಿದೆಯೇ ಎಂದು ಮೊದಲು ಹುಡುಕಿ, ಸೋರಿಕೆಯ ಅನುಮಾನ ಆಮೇಲೆ.